ಅಘನಾಶಿನಿ ಅಳಿವೆಗೆ ಸೈಕಲ್ಲಿನಲ್ಲಿ ಒಂದು ಸುತ್ತು: ದಿನ, ದಿಕ್ಕು ಮತ್ತು ದಾರಿಯ ಲೆಕ್ಕ

ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿ ಸಮುದ್ರವನ್ನು ಸೇರುವ ಅಳಿವೆಗೆ 2024ರ ಜನವರಿಯಲ್ಲಿ ರಾಮ್ಸಾರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲದ, ಮಾನ್ಯತೆ ದೊರೆಯಿತು. 4,801 ಹೆಕ್ಟೇರ್ ವಿಸ್ತಾರದ ಈ ಜೌಗು ನೆಲದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಉಬ್ಬರದ ಉಪ್ಪುನೀರು ತಲುಪುವ ತಗ್ಗಿನ ಗಜನಿ ಗದ್ದೆ, ಉಪ್ಪಿನ ಆಗರ, ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುವ ಕೆಸರುಬಯಲು ಎಲ್ಲವೂ ಒಂದಕ್ಕೊಂದು ಅಂಟಿಕೊಂಡಿವೆ. ಕುಮಟಾದಿಂದ ಹೊರಟು ಮಿರ್ಜಾನ್, ಮಾದನಗೇರಿ, ಗೋಕರ್ಣ, ತದಡಿಗಳನ್ನು ಹಾದು, ಅಲ್ಲಿ ದೋಣಿಯಲ್ಲಿ ನದಿ ದಾಟಿ, ಅಘನಾಶಿನಿ ಊರಿನಿಂದ ಬಾಡ, ಕಾಗಾಲದ ಮೇಲೆ ಮರಳಿ ಕುಮಟಾ ಸೇರಿದರೆ ಸುಮಾರು 45 ಕಿಲೋಮೀಟರಿನ ಒಂದು ಸುತ್ತು ಪೂರ್ಣವಾಗುತ್ತದೆ. ವಾರಕ್ಕೆ ಎರಡು ಮೂರು ಬಾರಿ ಸೈಕಲ್ ತುಳಿಯುವ ಅಭ್ಯಾಸವಿದ್ದವರಿಗೆ ಇದು ಅರ್ಧ ದಿನದ ಹಾದಿ.

ಮೊದಲು ದಿನವನ್ನು ಗೊತ್ತುಮಾಡಿಕೊಳ್ಳಿ

ಹೆಚ್ಚಿನವರು ರಜೆಯನ್ನು ನೋಡಿ ದಿನ ನಿಗದಿ ಮಾಡುತ್ತಾರೆ. ಈ ಸುತ್ತಿಗೆ ನೋಡಬೇಕಾದದ್ದು ಸಮುದ್ರದ ಉಬ್ಬರ ಇಳಿತವನ್ನು. ನಾನು ಮೊದಲ ಸಲ ಹೋದಾಗ ಈ ಲೆಕ್ಕ ಹಾಕಿರಲಿಲ್ಲ. ತದಡಿ ತಲುಪುವಷ್ಟರಲ್ಲಿ ಉಬ್ಬರ ತುಂಬಿ, ಅಳಿವೆಯೆಂದರೆ ದಡದಿಂದ ದಡಕ್ಕೆ ಹರಡಿದ ನೀರಿನ ಹಾಳೆಯಾಗಿ ಮಾತ್ರ ಕಂಡಿತು. ಇಳಿತದ ಹೊತ್ತಿನಲ್ಲಿ ಅದೇ ಜಾಗದಲ್ಲಿ ಕೆಸರುಬಯಲು ಮೇಲೆದ್ದು, ಉದ್ದ ಕೊಕ್ಕಿನ ಹಕ್ಕಿಗಳು ಹುಳುಗಳನ್ನು ಹುಡುಕುತ್ತ ಸಾಲುಗಟ್ಟುತ್ತವೆ; ಊರಿನ ಹೆಂಗಸರೂ ಗಂಡಸರೂ ನೀರಿಗಿಳಿದು ಬಳಚು ಹೆಕ್ಕುತ್ತಾರೆ.

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿ ದಿನವೂ ಅವುಗಳ ವೇಳೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಕಾರವಾರ ಬಂದರಿನ ಉಬ್ಬರ ಇಳಿತದ ಪಟ್ಟಿಯನ್ನು ನೋಡಿ, ಬೆಳಗಿನ 9ರ ಆಸುಪಾಸಿನಲ್ಲಿ ಇಳಿತವಿರುವ ದಿನವನ್ನು ಆರಿಸಿಕೊಳ್ಳಿ. ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದ ನಾಲ್ಕೈದು ದಿನಕ್ಕೆ ಸಾಮಾನ್ಯವಾಗಿ ಇಂತಹ ಬೆಳಗು ಸಿಗುತ್ತದೆ. ಪಟ್ಟಿ ಸಿಗದಿದ್ದರೆ ತದಡಿಯ ಮೀನುಗಾರರನ್ನು ಕೇಳಿದರೂ ಸಾಕು.

ನವೆಂಬರಿನಿಂದ ಫೆಬ್ರುವರಿವರೆಗಿನ ಕಾಲ ಉತ್ತಮ. ವಲಸೆ ಹಕ್ಕಿಗಳು ಬಂದಿರುತ್ತವೆ, ಬೆಳಗಿನ ಗಾಳಿಯೂ ತಂಪಾಗಿರುತ್ತದೆ. ಮಳೆಗಾಲದಲ್ಲಿ ಬೇಡವೇ ಬೇಡ: ದೋಣಿಯ ಭರವಸೆ ಇರುವುದಿಲ್ಲ, ಗುಡ್ಡ ಕಡಿದು ಮಾಡಿದ ಹೆದ್ದಾರಿಯ ಬದಿ ಎಂತಹ ಅಪಾಯ ತರಬಲ್ಲದೆಂಬುದನ್ನು ಪಕ್ಕದ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈಯಲ್ಲಿ ಗುಡ್ಡ ಕುಸಿದಾಗ ಕಂಡಿದ್ದೇವೆ. ಶಿವರಾತ್ರಿಯ ಸಮಯದಲ್ಲಿ ಗೋಕರ್ಣದ ರಸ್ತೆಗಳು ಜನರಿಂದ ತುಂಬಿರುವುದರಿಂದ ಆ ವಾರವನ್ನೂ ಬಿಡಿ.

ಅಪ್ರದಕ್ಷಿಣೆಯಾಗಿ ಸುತ್ತಿ

ಗೋಕರ್ಣದಂತಹ ಕ್ಷೇತ್ರವಿರುವ ನೆಲದಲ್ಲಿ ಪ್ರದಕ್ಷಿಣೆಯೇ ರೂಢಿ. ಆದರೆ ಅಳಿವೆಯನ್ನು ಎಡಕ್ಕೆ ಇಟ್ಟುಕೊಂಡು, ಕುಮಟಾದಿಂದ ಮೊದಲು ಉತ್ತರಕ್ಕೆ ಹೋಗುವುದೇ ಸೈಕಲ್ಲಿಗೆ ಕ್ಷೇಮ. ನಾವು ರಸ್ತೆಯ ಎಡಬದಿಯಲ್ಲಿ ಸಾಗುವುದರಿಂದ ನೀರು ಕಾಣಲು ರಸ್ತೆ ದಾಟಬೇಕಿಲ್ಲ. ಮಾದನಗೇರಿಯಲ್ಲಿ ಹೆದ್ದಾರಿ ಬಿಟ್ಟು ಗೋಕರ್ಣಕ್ಕೆ ತಿರುಗುವುದೂ ಎಡಕ್ಕೇ. ಗಾಳಿಯೂ ಇದೇ ದಿಕ್ಕಿಗೆ ಅನುಕೂಲ. ಮುಂಜಾನೆ ಗಾಳಿ ಬಹುಮಟ್ಟಿಗೆ ಶಾಂತವಾಗಿರುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಸಮುದ್ರದ ಕಡೆಯಿಂದ ಗಾಳಿ ಬೀಸತೊಡಗುತ್ತದೆ. ಆ ಹೊತ್ತಿಗೆ ನೀವು ಅಘನಾಶಿನಿ ಊರಿನಿಂದ ಕುಮಟಾದತ್ತ ಮರಳುತ್ತಿರುವುದರಿಂದ ಅದು ಎದೆಗೆ ಹೊಡೆಯುವ ಬದಲು ಬೆನ್ನಿಗೆ ಸಿಗುತ್ತದೆ.

28ರಿಂದ 32 ಮಿಲಿಮೀಟರ್ ಅಗಲದ ಟೈರುಗಳು ಇಲ್ಲಿಗೆ ಸರಿ. ತೀರ ಸಪೂರ ಟೈರು ಹಳ್ಳಿ ರಸ್ತೆಯ ಗುಂಡಿಗಳಲ್ಲಿ ಕಾಡುತ್ತದೆ. ಹೆಲ್ಮೆಟ್, ಹಿಂಬದಿಯ ಕೆಂಪು ದೀಪ, ಎರಡು ಟ್ಯೂಬು, ಪಂಪು, ಎರಡು ಬಾಟಲಿ ನೀರು, ದೋಣಿಗೆ ಚಿಲ್ಲರೆ ಹಣ ಜೊತೆಗಿರಲಿ.

ಹೊರಡುವುದು ಬೆಳಿಗ್ಗೆ ಆರೂವರೆಗೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮಾದನಗೇರಿಯವರೆಗಿನ ಸುಮಾರು 20 ಕಿಲೋಮೀಟರ್ ಈ ಸುತ್ತಿನ ಅತ್ಯಂತ ನೀರಸ ಭಾಗವೂ ಹೌದು, ಅತ್ಯಂತ ಎಚ್ಚರ ಬೇಡುವ ಭಾಗವೂ ಹೌದು. ಒಬ್ಬರ ಹಿಂದೊಬ್ಬರಂತೆ ಸಾಗಿ, ಲಾರಿಗಳು ಹೆಚ್ಚುವ ಮೊದಲೇ ಮುಗಿಸಬೇಕು. ಮಿರ್ಜಾನಿಗೆ ಮುನ್ನ ಅಘನಾಶಿನಿಯ ಸೇತುವೆ ಬರುತ್ತದೆ. ಅದರ ಮೇಲೆ ನಿಲ್ಲದೆ, ದಾಟಿದ ನಂತರ ಸುರಕ್ಷಿತ ಜಾಗದಲ್ಲಿ ನಿಂತು ಹಿಂದಿರುಗಿ ನೋಡಿ. ಸಹ್ಯಾದ್ರಿಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಎಲ್ಲಿಯೂ ದೊಡ್ಡ ಅಣೆಕಟ್ಟಿಗೆ ಸಿಗದೆ ಬಂದ ನದಿ ಅದು. ಮಳೆಗಾಲದ ಸಿಹಿನೀರೂ ಮೆಕ್ಕಲೂ ತಡೆಯಿಲ್ಲದೆ ಇಳಿದು ಬಂದು ಉಪ್ಪುನೀರಿನೊಂದಿಗೆ ಬೆರೆಯುವುದರಿಂದಲೇ ಕೆಳಗಿನ ಬಳಚು, ಸಿಗಡಿ, ಮೀನುಗಳ ಸಮೃದ್ಧಿ ಉಳಿದಿದೆ.

ಮಾದನಗೇರಿಯಿಂದ ಮುಂದೆ ವೇಗ ಇಳಿಸಿ. ಸಾಣಿಕಟ್ಟಾದಲ್ಲಿ ಚೌಕ ಚೌಕವಾಗಿ ಹರಡಿರುವ ಉಪ್ಪಿನ ಆಗರಗಳು ಸಿಗುತ್ತವೆ. ಬೇಸಿಗೆ ಸಮೀಪಿಸಿದಂತೆ ಅಲ್ಲಿ ಉಪ್ಪಿನ ರಾಶಿಗಳು ಏಳುತ್ತವೆ. ಉಬ್ಬರದ ಸಮಯದಲ್ಲಿ ಕೆಸರು ಮುಳುಗಿದಾಗ ಹಕ್ಕಿಗಳು ಇಂತಹ ಆಗರ, ಗಜನಿಗಳಲ್ಲೇ ಬಂದು ಕುಳಿತುಕೊಳ್ಳುವುದರಿಂದ, ದಿನದ ಲೆಕ್ಕ ತಪ್ಪಿ ಬಂದವರಿಗೂ ಇಲ್ಲಿ ನಿರಾಸೆಯಾಗದು. ಗೋಕರ್ಣದಲ್ಲಿ ತಿಂಡಿ ಮುಗಿಸಿ, ಪೇಟೆಯ ಇಕ್ಕಟ್ಟಿನಲ್ಲಿ ಸೈಕಲ್ ತಳ್ಳಿಕೊಂಡೇ ಸಾಗಿ, ತದಡಿಗೆ ಹೊರಡಿ.

ತದಡಿಯ ತಾರಿ ದಾಟುವುದು

ದೋಣಿಯಲ್ಲಿ ಬೈಕುಗಳೂ ದಾಟುವುದರಿಂದ ಸೈಕಲ್ಲಿಗೆ ತೊಂದರೆಯಿಲ್ಲ. ಹತ್ತಿಸುವಾಗ ಚೈನಿನ ಬದಿ ನಿಮ್ಮ ಕಡೆಗಿರಲಿ, ದೋಣಿಯ ಅಂಚಿಗೆ ಗೇರು ತಾಗದಿರಲಿ. ಎಲ್ಲಿ ಇಡಬೇಕೆಂದು ದೋಣಿಯವರು ಹೇಳಿದಂತೆಯೇ ಇಡಿ, ಭಾರದ ಸಮತೂಕ ಅವರಿಗೇ ಗೊತ್ತು. ಗಾಳಿ ಹೆಚ್ಚಿ ದೋಣಿ ನಿಂತಿದ್ದರೆ ಒತ್ತಾಯಿಸದೆ, ಬಂದ ದಾರಿಯಲ್ಲೇ ಹಿಂದಿರುಗುವಷ್ಟು ಸಮಯವನ್ನೂ ಶಕ್ತಿಯನ್ನೂ ಉಳಿಸಿಕೊಂಡಿರಬೇಕು.

ಆಚೆ ದಡದಿಂದ ಕುಮಟಾವರೆಗಿನ ಸುಮಾರು ಹತ್ತು ಕಿಲೋಮೀಟರನ್ನು ಬೇಗ ಮುಗಿಸುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ದಾರಿಯಿಂದ ಒಳಕ್ಕೆ ಇರುವ ಮಾಣಿಕಟ್ಟಾ ಸುತ್ತಲಿನ ಗಜನಿಗಳಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತವನ್ನು ಮಳೆಗಾಲದಲ್ಲಿ ಬೆಳೆಯುತ್ತಾರೆ. ಕೊಯ್ಲಾದ ಮೇಲೆ ತೂಬಿನ ಹಲಗೆ ತೆಗೆದು ಉಬ್ಬರದ ನೀರನ್ನು ಒಳಬಿಟ್ಟರೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು ಬೆಳೆಯುತ್ತವೆ. ಗದ್ದೆಯ ಕಟ್ಟೆ ನೋಡಲು ಸೈಕಲ್ ಹಾದಿಯಂತೆ ಕಂಡರೂ ಅದರ ಮೇಲೆ ತುಳಿಯಬೇಡಿ. ಅದು ಕುಸಿದರೆ ಉಪ್ಪುನೀರು ನುಗ್ಗಿ ಇಡೀ ಊರಿನ ಬೆಳೆ ಹೋಗುತ್ತದೆ. ಕಾಂಡ್ಲಾ ಗಿಡಗಳ ಬುಡದಲ್ಲಿ ಪೆನ್ಸಿಲಿನಂತೆ ಕೆಸರಿನಿಂದ ಮೇಲೆದ್ದಿರುವವು ಉಸಿರಾಡುವ ಬೇರುಗಳು. ಫೋಟೊಕ್ಕಾಗಿ ಅವುಗಳ ನಡುವೆ ಇಳಿಯುವುದೂ ಸಲ್ಲದು. ರಸ್ತೆಯ ಮೇಲೆಯೇ ನಿಂತು, ಜೊತೆಗೆ ದುರ್ಬೀನು ತಂದಿದ್ದರೆ ಅದರಲ್ಲಿ ನೋಡಿದರೆ ಹಕ್ಕಿಗಳು ಹಾರಿಹೋಗುವುದಿಲ್ಲ.

ಕುಮಟಾ ಸೇರಿದ ದಿನವೇ ಸೈಕಲ್ಲನ್ನು ಸಿಹಿನೀರಿನಲ್ಲಿ ತೊಳೆಯಬೇಕು. ದೋಣಿಯ ತಳದಲ್ಲಿ ತಾಗಿದ ಉಪ್ಪುನೀರು ಚೈನನ್ನೂ ಮೊಳೆಗಳನ್ನೂ ಒಂದೆರಡು ದಿನದಲ್ಲೇ ತುಕ್ಕು ಹಿಡಿಸುತ್ತದೆ. ಜೋರಾದ ಪೈಪಿನ ನೀರು ಬೇರಿಂಗಿಗೆ ನುಗ್ಗದಂತೆ ಚೊಂಬಿನಲ್ಲಿ ಸುರಿದು, ಬಟ್ಟೆಯಿಂದ ಒರೆಸಿ, ಚೈನು ಪೂರ್ತಿ ಒಣಗಿದ ಮೇಲೆ ಒಂದೊಂದು ಕೊಂಡಿಗೂ ಒಂದೊಂದು ಹನಿ ಎಣ್ಣೆ ಬಿಡಿ.