ಬಾಯಿ ಕ್ಯಾನ್ಸರಿನ ಸ್ಲೈಡಿನಲ್ಲಿ ಇ-ಕ್ಯಾಡ್ಹೆರಿನ್ ಓದುವ ಬಗೆ

ಇ-ಕ್ಯಾಡ್ಹೆರಿನ್ ಎಂಬುದು ಕ್ಯಾಲ್ಸಿಯಂ ನೆರವಿನಿಂದ ಒಂದು ಜೀವಕೋಶವನ್ನು ಪಕ್ಕದ ಕೋಶಕ್ಕೆ ಅಂಟಿಸಿ ಹಿಡಿಯುವ ಗ್ರಾಹಕ ಪ್ರೋಟೀನು. ಅದು ಎಲ್ಲಿದೆ ಎಂದು ತೋರಿಸುವ ಬಣ್ಣ ಹಾಕಿದ ಸ್ಲೈಡನ್ನು (ಗೆಡ್ಡೆಯ ತೆಳು ಚೂರನ್ನು ಅಂಟಿಸಿದ ಗಾಜಿನ ಪಟ್ಟಿಯನ್ನು) ಕೈಗೆತ್ತಿಕೊಂಡಾಗ, ನೇರವಾಗಿ ಗೆಡ್ಡೆಗೆ ಹೋಗದೆ, ಮೊದಲು ಅಂಚಿನಲ್ಲಿ ಉಳಿದಿರುವ ಸಹಜ ಲೋಳೆಪೊರೆಯನ್ನು ನೋಡಬೇಕು. ಅಲ್ಲಿ ಕೋಶಗಳ ಸುತ್ತ ಜೇನುಗೂಡಿನ ಗೆರೆಗಳಂತೆ ಕಂದು ಬಣ್ಣ ಕಾಣದಿದ್ದರೆ ಬಣ್ಣ ಹಾಕಿದ್ದರಲ್ಲೇ ದೋಷವಿರುವ ಸಂಭವ ಹೆಚ್ಚು, ಮುಂದೆ ಓದುವುದು ವ್ಯರ್ಥ.

ಬಳಿಕ ಗೆಡ್ಡೆಯ ನಡುಭಾಗಕ್ಕಿಂತ, ಅದು ಕೆಳಗಿನ ಅಂಗಾಂಶಕ್ಕೆ ನುಗ್ಗುತ್ತಿರುವ ಮುಂಚೂಣಿಯಲ್ಲಿ ಹೆಚ್ಚು ಹೊತ್ತು ಕಳೆಯಿರಿ. ಕೆರಾಟಿನ್ ಮುತ್ತುಗಳಿರುವ (ಕೆರಾಟಿನ್ ಎಂಬ ಗಟ್ಟಿ ಪ್ರೋಟೀನು ದುಂಡಗೆ ಕೂಡಿಕೊಂಡಿರುವ), ಚೆನ್ನಾಗಿ ಬಲಿತ ಭಾಗದಲ್ಲಿ ಗೆರೆಗಳು ಬಹುಮಟ್ಟಿಗೆ ಉಳಿದಿರುತ್ತವೆ. ಮುಂಚೂಣಿಯಲ್ಲಿ ಒಂಟಿಯಾಗಿಯೋ ಮೂರು-ನಾಲ್ಕರ ಗುಂಪಾಗಿಯೋ ಕಳಚಿಕೊಂಡ ಕೋಶಗಳಲ್ಲಿ ಅವು ತುಂಡುತುಂಡಾಗಿ ಮಸುಕಾಗಿರುತ್ತವೆ, ಕೆಲವೊಮ್ಮೆ ಬಣ್ಣವು ಪೊರೆಯನ್ನು ಬಿಟ್ಟು ಕೋಶದೊಳಗಿನ ಕೋಶದ್ರವಕ್ಕೆ ಇಳಿದಿರುತ್ತದೆ. ಪೊರೆಯ ಮೇಲಿನ ಮತ್ತು ಕೋಶದ್ರವದ, ಈ ಎರಡು ಬಗೆಯ ಬಣ್ಣವನ್ನೂ ಒಟ್ಟಿಗೆ ಎಣಿಸಿಬಿಡುವುದು ಹೊಸಬರು ಮಾಡುವ ತಪ್ಪು.

ಕೋಶವನ್ನು ಅದರ ಸುತ್ತಲಿನ ಹಂದರಕ್ಕೆ ಅಂಟಿಸುವ ಇನ್ನೊಂದು ಗ್ರಾಹಕವಾದ ಇಂಟೆಗ್ರಿನ್ ಆಲ್ಫಾ-ವಿ ಬೀಟಾ-6ರ ಸ್ಲೈಡಿನಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ: ಸಹಜ ಲೋಳೆಪೊರೆಯಲ್ಲಿ ಸಾಮಾನ್ಯವಾಗಿ ಇಲ್ಲದ ಈ ಗ್ರಾಹಕವು ಅನೇಕ ಬಾಯಿ ಕ್ಯಾನ್ಸರುಗಳಲ್ಲಿ ಕಾಣಿಸಿಕೊಂಡು, ಸುಪ್ತವಾಗಿರುವ ಟಿಜಿಎಫ್-ಬೀಟಾ ಎಂಬ ಸಂಕೇತ ಪ್ರೋಟೀನನ್ನು ಚುರುಕುಗೊಳಿಸಿ, ಕೋಶಗಳು ಮುನ್ನುಗ್ಗಲು ನೆರವಾಗುತ್ತದೆ. ಎರಡನ್ನೂ ಓದಿದ ಮೇಲೂ, ಗೆಡ್ಡೆ ಇಳಿದಿರುವ ಆಳ ಮತ್ತು ಕುತ್ತಿಗೆಯ ದುಗ್ಧಗ್ರಂಥಿಗಳ ಸ್ಥಿತಿಯನ್ನು ನೋಡದೆ ವರದಿಗೆ ಸಹಿ ಹಾಕಬಾರದು.