ಜಂಬದ ಲೆಕ್ಕ ಬರೆದೆ, ಫಾರಿನ್ ಹರಟೆ ಗೆದ್ದಿತು

ಕೊನೆಗೂ ನನ್ನ ಯೂರೋಪ್ ಹರಟೆ ಅಚ್ಚಾಯಿತು. ಸಂಭಾವನೆ ಸಾವಿರದ ಚಿಲ್ಲರೆ. ಪ್ರವಾಸಕ್ಕೆ ನನಗೂ ಹೆಂಡತಿಗೂ ಸೇರಿ ಆದದ್ದು ಹತ್ತಿರ ಹತ್ತಿರ 5 ಲಕ್ಷ. ವ್ಯಾಪಾರ ಹೇಗಿದೆ ನೋಡಿ! "ಫಾರಿನ್ ಕಥೆ ಈಗ ಯಾರಿಗೆ ಬೇಕ್ರೀ, ಬೀದಿಗೊಬ್ಬರು ಹೋಗಿ ಬಂದಿದ್ದಾರೆ" ಅಂತ ನಮ್ಮ ಬರೆಯುವ ಬಳಗದವರೇ ತಳ್ಳಿಹಾಕಿದ್ದರು.

ಮೊದಲನೇ ಕರಡಿನಲ್ಲಿ ಮೋನಾಲಿಸಾ ಮುಂದೆ ಎರಡು ಪುಟ ಮೈಮರೆತಿದ್ದೆ. ಸುಳ್ಳು. ಚಿತ್ರದ ಎತ್ತರ 77 ಸೆಂಟಿಮೀಟರ್. ನನಗೆ ಕಂಡದ್ದು ಮುಂದಿನವರ ತಲೆ ಮತ್ತು ಎತ್ತಿ ಹಿಡಿದ ಮೊಬೈಲು. ಲೇಖನ ವಾಪಸ್ ಬಂತು.

ಎರಡನೇ ಸಲ ನಮ್ಮ ಟೂರ್ ಗ್ರೂಪಿನವರನ್ನು ಗೇಲಿ ಮಾಡಿದೆ. ಸ್ವಿಟ್ಜರ್ಲೆಂಡಿನ ಯುಂಗ್‌ಫ್ರಾಯೋಖ್‌ನಲ್ಲಿ, 3,454 ಮೀಟರ್ ಎತ್ತರದಲ್ಲಿ, ಹಿಮ ಬಿಟ್ಟು ಚಟ್ನಿಪುಡಿ ಡಬ್ಬಿ ಬಿಚ್ಚಿದವರ ಕಥೆ. ಬರೆಯುವಾಗ ನನಗೆ ನಗುವೋ ನಗು. ಓದಿದವರು ನಗಲಿಲ್ಲ. ಡಬ್ಬಿಯವರು ಫೋನ್ ಎತ್ತುವುದನ್ನೇ ಬಿಟ್ಟರು. ಹೆಂಡತಿ ಒಂದೇ ಮಾತು ಕೇಳಿದಳು: "ಆ ಡಬ್ಬಿಯಿಂದ ಎರಡು ಸಲ ಹಾಕಿಸಿಕೊಂಡವರು ಯಾರು?"

ಆಗ ಖರ್ಚು ಬರೆದಿಟ್ಟಿದ್ದ ನೋಟ್‌ಬುಕ್ ತೆಗೆದೆ. ಒಂದೊಂದು ಖರ್ಚಿನ ಪಕ್ಕದಲ್ಲೂ ಆ ಹೊತ್ತು ಯಾರಿಗಿಂತ ನಾನು ಮೇಲು ಅನ್ನಿಸಿತ್ತು ಅಂತ ಬರೆಯುತ್ತಾ ಹೋದೆ. ನಲವತ್ತೋ ಐವತ್ತೋ ಜಂಬ ಸಿಕ್ಕವು.

ವೆನಿಸ್‌ನ ಸಂತ ಮಾರ್ಕ್ ಚೌಕದಲ್ಲಿ ಕುರ್ಚಿ ಹಾಕಿಸಿಕೊಂಡು ಕಾಫಿ ಕುಡಿದೆವು. ಒಳಗೆ ನಿಂತು ಕುಡಿದರೆ ಅಗ್ಗ ಅಂತ ಗೊತ್ತಿತ್ತು. ನಿಂತವರನ್ನು ನೋಡಿ ಕನಿಕರಪಟ್ಟೆ. ಬಿಲ್ಲು ಬಂದರೆ ಪಿಟೀಲು ನುಡಿಸಿದ್ದಕ್ಕೂ ಬೇರೆ ಚಾರ್ಜು! ಎರಡು ಕಾಫಿಗೆ ಮೂರು ಸಾವಿರದಷ್ಟು. ನಮ್ಮ ರಾಮನವಮಿ ಕಛೇರಿಯಲ್ಲಿ ಪಾನಕ ಕೊಟ್ಟು ಪಿಟೀಲು ಕೇಳಿಸುತ್ತಾರೆ, ಅಲ್ವಾ?

ಬ್ರಸೆಲ್ಸ್‌ನಲ್ಲಿ ಉಚ್ಚೆ ಹೊಯ್ಯುವ ಹುಡುಗನ ಬೊಂಬೆ ಇದೆ. ಎತ್ತರ ಸುಮಾರು 55 ಸೆಂಟಿಮೀಟರ್. "ಇಷ್ಟೇನಾ?" ಅಂದವರಿಗೆ "ಕಲೆಯನ್ನು ಅಳತೆ ಮಾಡಬಾರದು" ಅಂತ ಪಾಠ ಹೇಳಿದೆ. ಒಳಗೆ ನನಗೂ ಇಷ್ಟೇನಾ ಅನ್ನಿಸಿತ್ತು. ಬೀದಿಯಲ್ಲಿರುವುದು ನಕಲು, ಅಸಲಿ ಮ್ಯೂಸಿಯಂನಲ್ಲಿದೆ ಅಂತ ಗೊತ್ತಾದದ್ದು ಮನೆಗೆ ಬಂದ ಮೇಲೆ.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ನಂಜನಗೂಡಿಗೆ ಹೋಗಿ ಬಂದದ್ದನ್ನು ಫಾರಿನ್ ಧಾಟಿಯಲ್ಲೇ ಬರೆದೆ: "ಕಪಿಲೆಯ ದಡದ ಈ ಪುಟ್ಟ ಪಟ್ಟಣದಲ್ಲಿ ಸ್ಥಳೀಯರು ರಸಬಾಳೆ ಎಂಬ ಹಣ್ಣನ್ನು ಸಿಪ್ಪೆ ಸುಲಿದು ತಿನ್ನುತ್ತಾರೆ." ಮೈಸೂರಿನ ಗೆಳೆಯರು ಬಿದ್ದು ಬಿದ್ದು ನಕ್ಕರು. ಯಾವ ಪತ್ರಿಕೆಯೂ ತೆಗೆದುಕೊಳ್ಳಲಿಲ್ಲ. ನನ್ನ ಪ್ರಕಾರ ಯೂರೋಪ್ ಹರಟೆಗಿಂತ ಅದೇ ಚೆನ್ನಾಗಿದೆ.

ಪಟ್ಟಿಯಿಂದ ಹರಟೆಗೆ ಬಂದದ್ದು ಏಳೇ ಜಂಬ. ಯಾವ ಏಳು, ಯಾವುದರ ಹಿಂದೆ ಯಾವುದು ಅನ್ನುವುದನ್ನು ಮಾತ್ರ ಹೇಳಲಾರೆ. 5 ಲಕ್ಷ ಕೊಟ್ಟು ಕಲಿತ ವಿದ್ಯೆ ಅದು. ಚಟ್ನಿಪುಡಿಯನ್ನೂ ಬಿಡಲಿಲ್ಲ, ಈ ಸಲ ತಟ್ಟೆ ಮುಂದೆ ಒಡ್ಡಿದ್ದು ನಾನೇ. ಡಬ್ಬಿಯವರಿಗೆ ಪತ್ರಿಕೆಯ ಒಂದು ಪ್ರತಿ ಕೊರಿಯರ್ ಮಾಡಿದ್ದೇನೆ. ಫೋನ್ ಇನ್ನೂ ಎತ್ತಿಲ್ಲ.