ಬಸಿರು, ಹೆರಿಗೆ, ಬಾಣಂತನ: ಶಕ್ತಿನಗರಕ್ಕೆ ಹೊಸದಾಗಿ ಬಂದ ಕುಟುಂಬಗಳಿಗೆ

ಹಾಸನ, ಮಂಡ್ಯ, ಶಿವಮೊಗ್ಗದ ಕಡೆಯಿಂದ ವಿದ್ಯುತ್ ಸ್ಥಾವರದ ಕೆಲಸಕ್ಕೆಂದು ರಾಯಚೂರು ಜಿಲ್ಲೆಯ ಈ ಶಕ್ತಿನಗರಕ್ಕೆ ಬರುವ ಎಳೆಯ ದಂಪತಿಗಳು, ಬಸಿರಾದದ್ದು ಗೊತ್ತಾದ ಮೇಲೂ ‘ಹೇಗಿದ್ದರೂ ಏಳನೆಯ ತಿಂಗಳಿಗೆ ತವರಿಗೆ ಹೋಗುತ್ತೇವಲ್ಲ’ ಎಂದು ಇಲ್ಲಿನ ಆಸ್ಪತ್ರೆಯ ಕಡೆಗೆ ತಲೆಯನ್ನೇ ಹಾಕುವುದಿಲ್ಲ. ಇದನ್ನು ಬರೆಯುತ್ತಿರುವ ನಮ್ಮ ಸಂಘದ ಮಹಿಳಾ ಸದಸ್ಯರಿಗೆ ಇದು ಸ್ವಲ್ಪವೂ ಸರಿ ಕಾಣುವುದಿಲ್ಲ. ಹೆರಿಗೆ ಎಲ್ಲಿಯೇ ಆಗಲಿ, ಆರೈಕೆ ನೀವು ಈಗ ಇರುವ ಊರಿನಲ್ಲಿಯೇ ಆರಂಭವಾಗಬೇಕು.

ತಾಯಿ ಕಾರ್ಡ್

ಮೊದಲ 12 ವಾರಗಳೊಳಗೆ ಆಶಾ ಕಾರ್ಯಕರ್ತೆಯ ಮೂಲಕ ಹೆಸರು ನೋಂದಾಯಿಸಿ, ತಪಾಸಣೆಗಳ ವಿವರ ಬರೆದಿಡುವ ತಾಯಿ ಕಾರ್ಡ್ ಪಡೆಯಿರಿ. ಕನಿಷ್ಠ ನಾಲ್ಕು ತಪಾಸಣೆಗಳು ಆಗಲೇಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ರಂದು ಗರ್ಭಿಣಿಯರಿಗೆಂದೇ ಉಚಿತ ತಪಾಸಣೆ ನಡೆಯುತ್ತದೆ. ತವರಿಗೆ ಹೊರಡುವಾಗ ಸೀರೆ, ಒಡವೆಗಳಿಗಿಂತ ಮೊದಲು ಈ ಕಾರ್ಡ್ ಚೀಲ ಸೇರಬೇಕು. ಹೆರಿಗೆಗೆಂದು ಹೋದ ನಮ್ಮ ಸಂಘದ ಕಾರ್ಯಕರ್ತೆಯೊಬ್ಬರನ್ನು ಒಂದು ಆಸ್ಪತ್ರೆಯವರು ನಡುರಾತ್ರಿ ರೆಫರ್ ಚೀಟಿಯನ್ನೂ (ಬೇರೆ ಆಸ್ಪತ್ರೆಗೆ ಕಳುಹಿಸುವಾಗ ಕೊಡುವ ಪತ್ರ) ಬರೆದುಕೊಡದೆ ಬೇರೆಡೆಗೆ ಕಳುಹಿಸಿಬಿಟ್ಟರು. ಅಲ್ಲಿ ಹೆರಿಗೆ ನೋವಿನ ನಡುವೆಯೇ ರಕ್ತದ ಗುಂಪಿನಿಂದ ಹಿಡಿದು ಎಲ್ಲವನ್ನೂ ಮತ್ತೆ ಪರೀಕ್ಷಿಸಬೇಕಾಯಿತು. ರೆಫರ್ ಚೀಟಿಯನ್ನು ಕೇಳಿ ಪಡೆಯುವುದು ನಿಮ್ಮ ಹಕ್ಕು, ಸಂಕೋಚಪಡಬೇಡಿ.

ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ಕಬ್ಬಿಣಾಂಶದ ಮಾತ್ರೆಗಳನ್ನು ನುಂಗಬೇಕು. ಮಲ ಕಪ್ಪಾಯಿತೆಂದು ಗಾಬರಿಯಾಗಿ ಮಾತ್ರೆ ಬಿಡುವವರೇ ಹೆಚ್ಚು. ಅದು ಮಾತ್ರೆಯ ಗುಣವೇ ಹೊರತು ರೋಗವಲ್ಲ. ಕ್ಯಾಲ್ಸಿಯಂ ಮಾತ್ರೆಯನ್ನಾಗಲಿ ಚಹಾವನ್ನಾಗಲಿ ಅದರ ಜೊತೆಗೆ ತೆಗೆದುಕೊಳ್ಳಬಾರದು.

ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದಿಕೊಳ್ಳುವುದು, ರಕ್ತಸ್ರಾವ, ನೀರು ಒಡೆಯುವುದು, ಮಗುವಿನ ಮಿಸುಕಾಟ ಕಡಿಮೆಯಾಗುವುದು: ಇವುಗಳಲ್ಲಿ ಯಾವುದೊಂದು ಕಂಡರೂ ಊರಿಗೆ ಫೋನ್ ಮಾಡಿ ಅತ್ತೆಯವರನ್ನು ಕೇಳುತ್ತ ಕೂರದೆ 108ಕ್ಕೆ ಕರೆಮಾಡಿ.

ಹೆರಿಗೆ ಕೋಣೆಯ ಸಿಸ್ಟರ್‌ಗಳು

ಹೆರಿಗೆಯಾದ ಮೇಲೆ ಸಿಸ್ಟರ್ ಪದೇ ಪದೇ ಬಂದು ಹೊಟ್ಟೆಯನ್ನು ಒತ್ತಿ ನೋಡುವುದನ್ನು ಕಂಡು ‘ಹಸಿ ಮೈಯವಳಿಗೆ ಹಿಂಸೆ ಕೊಡುತ್ತಾರೆ’ ಎಂದು ನಮ್ಮ ಹಿರಿಯರು ಜಗಳಕ್ಕೆ ನಿಂತದ್ದುಂಟು. ಗರ್ಭಕೋಶ ಗಟ್ಟಿಯಾಗಿ ಕುಗ್ಗಿದೆಯೇ, ಮೆತ್ತಗಾಗಿ ರಕ್ತ ಹರಿಯುತ್ತಿದೆಯೇ ಎಂಬುದು ಆ ಕೈಗೆ ಮಾತ್ರ ತಿಳಿಯುತ್ತದೆ. ಹೆಚ್ಚು ರಕ್ತಸ್ರಾವದ ಅಪಾಯವಿರುವುದು ಮೊದಲ ಕೆಲವು ಗಂಟೆಗಳಲ್ಲಿಯೇ ಆದ್ದರಿಂದ ಅವರು ಪ್ಯಾಡ್, ನಾಡಿ, ರಕ್ತದೊತ್ತಡಗಳನ್ನು ನೋಡುತ್ತಲೇ ಇರುತ್ತಾರೆ, ಅಡ್ಡ ಬರಬೇಡಿ. ಸಹಜ ಹೆರಿಗೆಯಾದರೂ 48 ಗಂಟೆ ಆಸ್ಪತ್ರೆಯಲ್ಲಿರಬೇಕು. ಒಳ್ಳೆಯ ಗಳಿಗೆ ನೋಡಿಕೊಂಡು ಬೇಗ ಮನೆಗೆ ಹೊರಡುವ ಹಟ ಬೇಡ.

ಚೀಲದಲ್ಲಿ ಇರಬೇಕಾದವು

ತಾಯಿ ಕಾರ್ಡ್, ಸ್ಕ್ಯಾನ್ ವರದಿಗಳು, ಆಧಾರ್, ಬ್ಯಾಂಕ್ ಪಾಸ್‌ಬುಕ್, ಒಗೆದು ಬಿಸಿಲಿಗೆ ಒಣಗಿಸಿದ ಹಳೆಯ ಹತ್ತಿ ಸೀರೆಯ ತುಂಡುಗಳು, ಪ್ಯಾಡ್, ಕೂಸಿಗೆ ಟೊಪ್ಪಿಗೆ.

ಬಾಣಂತಿ, ಕೂಸು ಮತ್ತು ರಾಯಚೂರಿನ ಬಿಸಿಲು

ನಮ್ಮನ್ನು ಹೆಚ್ಚು ದಣಿಸಿದ ವಿಷಯ ಇದು. ಕಿಟಕಿ ಮುಚ್ಚಿ, ಕಿವಿಗೆ ಹತ್ತಿಯಿಟ್ಟು, ತಲೆಗೆ ಬಟ್ಟೆ ಸುತ್ತಿ, ನೀರನ್ನು ಅಳೆದು ಕೊಡುವ ಪದ್ಧತಿಯು ಮಲೆನಾಡಿನ ಜಡಿಮಳೆಗೆ ಒಗ್ಗಿರಬಹುದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಊರಿನಲ್ಲಿ ಅದನ್ನೇ ಹಿಡಿದು ಕೂತರೆ ತಾಯಿ ಬಳಲುತ್ತಾಳೆ, ಕೂಸಿಗೆ ಜ್ವರ ಬರುತ್ತದೆ. ಹೊರಸಿನ ಕೆಳಗೆ ಕೆಂಡವಿಡುವುದು ಮತ್ತು ಮುಚ್ಚಿದ ಕೋಣೆಯಲ್ಲಿ ಲೋಬಾನದ ಹೊಗೆ ಹಾಕುವುದು ಬೇಡವೇ ಬೇಡ. ಬಾಣಂತಿ ಬಾಯಾರಿದಾಗಲೆಲ್ಲ ಶುದ್ಧ ನೀರು ಕುಡಿಯಲಿ. ಗಾಳಿ ಆಡಲಿ, ಫ್ಯಾನಿನ ಗಾಳಿ ಕೂಸಿನ ಮೇಲೆ ನೇರವಾಗಿ ಬೀಸದಿದ್ದರೆ ಸಾಕು. ಕೂಸಿಗೆ ಹೊದಿಕೆ ಎಷ್ಟು ಬೇಕೆಂಬುದನ್ನು ಅಂಗೈಯ ಹಿಂಬದಿಯಿಂದ ಅದರ ಹೊಟ್ಟೆ ಮತ್ತು ಪಾದ ಮುಟ್ಟಿ ತಿಳಿಯಬಹುದು. ಎರಡೂ ಬೆಚ್ಚಗಿದ್ದರೆ ಸರಿಯಾಗಿದೆ; ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಮಲಗಿಸಿ; ಎರಡೂ ಸುಡುತ್ತಿದ್ದರೆ ಬಟ್ಟೆ ಸಡಿಲಿಸಿ, ಬಿಸಿ ಇಳಿಯದಿದ್ದರೆ ಕೂಡಲೇ ವೈದ್ಯರಿಗೆ ತೋರಿಸಿ.

ಊಟದ ವಿಷಯದಲ್ಲಿ ಮಾತ್ರ ಈ ಸೀಮೆಯವರಿಂದ ಕಲಿಯುವುದು ಬಹಳವಿದೆ. ಬರೀ ಅನ್ನ, ಮೆಣಸಿನ ಸಾರಿನ ಬಾಣಂತನಕ್ಕಿಂತ ಸಜ್ಜೆ ರೊಟ್ಟಿ, ಬೇಳೆ, ಸೊಪ್ಪಿನ ಪಲ್ಯ, ಶೇಂಗಾ ಹಿಂಡಿ (ಕಡಲೆಕಾಯಿ ಚಟ್ನಿಪುಡಿ), ಅಳವಿ ಬೀಜದ ಪಾಯಸ, ಅಂಟಿನ ಉಂಡೆಗಳು ಎಷ್ಟೋ ಮೇಲು. ಪಕ್ಕದ ಮನೆಯ ಅಮ್ಮನವರು ರೊಟ್ಟಿ ಕಳುಹಿಸಿದರೆ ‘ಬಾಣಂತಿಗೆ ಜೀರ್ಣವಾಗದು’ ಎಂದು ಹಿಂದಿರುಗಿಸುವ ನಮ್ಮವರ ಬಿಂಕಕ್ಕೆ ಅರ್ಥವಿಲ್ಲ.

ಹುಟ್ಟಿದ ಒಂದು ಗಂಟೆಯೊಳಗೆ ಮೊಲೆ ಹಾಲು ಕುಡಿಸಿ. ಹಳದಿಯಾಗಿರುವ ಮೊದಲ ಹಾಲನ್ನು ಹಿಂಡಿ ಚೆಲ್ಲಬೇಡಿ. ಆರು ತಿಂಗಳು ತುಂಬುವವರೆಗೆ ಜೇನು, ಹರಳೆಣ್ಣೆ, ಬಜೆ, ನೀರು ಯಾವುದೂ ಬೇಡ. ಹೊಕ್ಕುಳಿಗೆ ಏನನ್ನೂ ಹಚ್ಚದೆ ಒಣಗಲು ಬಿಡಿ. ಮೊದಲ ಸ್ನಾನಕ್ಕೆ ಕನಿಷ್ಠ 24 ಗಂಟೆ ಕಾಯಿರಿ. ಕಣ್ಣಿಗೆ ಕಾಡಿಗೆ ಹಚ್ಚಬೇಡಿ. ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್-ಬಿ ಲಸಿಕೆಗಳು ಮನೆಗೆ ಬರುವ ಮೊದಲೇ ಆಗಿರಲಿ. ಕೂಸು ಮೊಲೆ ಚೀಪದಿದ್ದರೆ, ಎದೆಗೂಡು ಒಳಗೆ ಸೆಳೆಯುತ್ತಿದ್ದರೆ, ನಿಮಿಷಕ್ಕೆ 60 ಅಥವಾ ಹೆಚ್ಚು ಬಾರಿ ಉಸಿರಾಡುತ್ತಿದ್ದರೆ, ಅಂಗೈ ಅಂಗಾಲು ಹಳದಿಯಾದರೆ, ಫಿಟ್ಸ್ ಬಂದರೆ ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ರಿಮ್ಸ್‌ಗೆ ಕರೆದೊಯ್ಯಲು ತಡಮಾಡಬೇಡಿ. ಬಾಣಂತಿಗೆ ಜ್ವರ, ದುರ್ವಾಸನೆಯ ಸ್ರಾವ, ಅತಿಯಾದ ರಕ್ತಸ್ರಾವ ಕಂಡರೂ ಹಾಗೆಯೇ.

ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಮನೆಗೆ ಬಂದು ಕೂಸಿನ ತೂಕ, ಮೈಬಿಸಿ ನೋಡುತ್ತಾರೆ. ‘ಮೈಲಿಗೆ’, ‘ದೃಷ್ಟಿಯಾಗುತ್ತದೆ’ ಎಂದು ಅವರನ್ನು ಹೊಸ್ತಿಲಲ್ಲಿಯೇ ನಿಲ್ಲಿಸಿ ಮರಳಿಸುವುದು ಓದಿದವರಿಗೆ ಶೋಭಿಸದು.

ಜನನ ಪ್ರಮಾಣಪತ್ರ

ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ನೋಂದಣಿ ನಡೆಯುವುದು ಮಗು ಹುಟ್ಟಿದ ಊರಿನಲ್ಲಿ. ಕೃಷ್ಣಾ ನದಿ ದಾಟಿ ತೆಲಂಗಾಣದ ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ ಪ್ರಮಾಣಪತ್ರವೂ ಅಲ್ಲಿಯದೇ. ನಾಮಕರಣ ಆಗಿಲ್ಲವೆಂದು ಕಾಯಬೇಡಿ, ಹೆಸರನ್ನು ಆಮೇಲೆ ಸೇರಿಸಬಹುದು. ತಂದೆ ತಾಯಿಯ ಹೆಸರಿನ ಅಕ್ಷರಗಳು ಆಧಾರ್‌ನಲ್ಲಿರುವಂತೆಯೇ ಇವೆಯೇ ಎಂದು ಆಸ್ಪತ್ರೆ ಬಿಡುವ ಮೊದಲು ಒಮ್ಮೆ ಓದಿ ನೋಡಿ.